ರೀಮಾಸ್ಟರ್ ಮಾಡಿದ ಹಳೇ ಆರ್ಕೇಡ್ ಗೇಮ್ "ಮೊದಲಿನ ಥರ ಇಲ್ಲ" ಅಂದರೆ ಎಲ್ಲೆಲ್ಲಿ ನೋಡಬೇಕು

ನನ್ನ ಸೋದರಮಾವ ತುಮಕೂರಿನ ಶಿರಾ ಗೇಟ್ ಹತ್ತಿರ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಮೂರು ಪೆಟ್ಟಿಗೆ, ಆಟಕ್ಕೆ ಒಂದು ರೂಪಾಯಿ. ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಯ್ತು. ಒಂದು ಪೆಟ್ಟಿಗೆ ಮತ್ತು ಅದರೊಳಗಿನ ಮುಸ್ತಫಾ ಬೋರ್ಡ್ (ಆಟ ಕೂತಿರುವ ಚಿಪ್ಪುಗಳ ಹಲಗೆ) ಮಾತ್ರ ಇನ್ನೂ ಅವರ ಮನೆಯ ಹಿಂದಿನ ರೂಮಿನಲ್ಲಿದೆ. ಆ ಗೇಮಿನ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, 1993ರಲ್ಲಿ ಕ್ಯಾಪ್ಕಾಮ್ ತಂದದ್ದು. ನಮ್ಮಲ್ಲಿ ಯಾರೂ ಆ ಹೆಸರು ಹೇಳಿದ್ದು ನಾನು ಕೇಳಿಲ್ಲ, ಎಲ್ಲರಿಗೂ ಅದು ಮುಸ್ತಫಾ.

ನಾನು ಮತ್ತು ಇಬ್ಬರು ಸ್ನೇಹಿತರು ಸೇರಿ ಮೂರು ಹಳೇ ಆಟಗಳನ್ನು ಈಗಿನ ಲ್ಯಾಪ್‌ಟಾಪ್, ಟಿವಿ, ಫೋನಿಗೆ ಹೊಂದುವ ಹಾಗೆ ಮತ್ತೆ ಕಟ್ಟಿದೆವು, ಅಂದರೆ ರೀಮಾಸ್ಟರ್ ಮಾಡಿದೆವು: 1978ರ ಸ್ಪೇಸ್ ಇನ್‌ವೇಡರ್ಸ್, 1980ರ ಪ್ಯಾಕ್‌ಮ್ಯಾನ್, ಮತ್ತೆ ಮುಸ್ತಫಾದ ಮೊದಲ ಹಂತ. ಕಲಿಯಲಿಕ್ಕೆ ಮಾತ್ರ. ಇವೆಲ್ಲ ಇನ್ನೂ ಹಕ್ಕುದಾರರು ಇರುವ ಆಟಗಳು, ಆದ್ದರಿಂದ ಮನೆಯಿಂದ ಆಚೆ ಕೊಟ್ಟಿಲ್ಲ. ನೀವೂ ಕೊಡಬೇಡಿ. ಮಾರುವ ಅಥವಾ ಎಲ್ಲಾದರೂ ಹಾಕುವ ಯೋಚನೆ ಬಂದರೆ ಅಲ್ಲಿಗೆ ನಿಲ್ಲಿಸಿ, ಮೊದಲು ಹಕ್ಕುದಾರರ ಒಪ್ಪಿಗೆ ಪಡೆಯಿರಿ, ಅದಕ್ಕೆ ವಕೀಲರ ಸಲಹೆ ಬೇಕು.

ಭಾನುವಾರ ಬೀದಿಯ ಮಕ್ಕಳು ಮತ್ತು ಮಾವನ ಅಂಗಡಿಗೆ ಬರುತ್ತಿದ್ದ, ಈಗ ನಲವತ್ತು ದಾಟಿದ ಹಳೇ ಗಿರಾಕಿಗಳು ಬಂದು ಆಡಿದರು. ದೂರುಗಳು ರಾಶಿ ಬಿದ್ದವು. ಅವುಗಳನ್ನು ಹುಡುಕಿ ಸರಿ ಮಾಡುವಾಗ ಗೊತ್ತಾದದ್ದನ್ನು ಇಲ್ಲಿ ಬರೆದಿದ್ದೇನೆ. ನನಗೆ ಮುಖ್ಯವಾಗಿ ಅರ್ಥವಾದದ್ದು ಇಷ್ಟು: ಜನ "ಮೊದಲಿನ ಥರ ಇಲ್ಲ" ಅಂದಾಗ ನಾವು ಸುಮ್ನೆ ಚಿತ್ರ ತಿದ್ದಲು ಕೂರುತ್ತೇವೆ, ತಪ್ಪು ಮಾತ್ರ ಹೆಚ್ಚಿನ ಸಲ ಸಮಯದಲ್ಲಿ ಇರುತ್ತದೆ. ಒಂದು ಫ್ರೇಮ್ ಅಂದರೆ ಪರದೆಯ ಮೇಲೆ ಒಂದು ಚಿತ್ರ ಇರುವ ಹೊತ್ತು, ಸುಮಾರಾಗಿ ಸೆಕೆಂಡಿನ ಅರವತ್ತನೇ ಒಂದು ಭಾಗ, 16.7 ಮಿಲಿಸೆಕೆಂಡ್. ಅದರಲ್ಲಿ ಎರಡು ಮೂರು ಹೆಚ್ಚು ಕಡಿಮೆ ಆದರೂ ಆಡಿ ಪಳಗಿದ ಕೈಗೆ ಗೊತ್ತಾಗಿಬಿಡುತ್ತದೆ.

ಶುರು ಮಾಡುವ ಮೊದಲು ಎರಡು ಮಾತು. ಆಡಿದವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ನಮ್ಮ ಭಾಷೆಗೆ ತಿರುಗಿಸಬೇಡಿ. ಒಬ್ಬ ಗಿರಾಕಿ "ಎಳೀತೈತೆ" ಅಂದದ್ದನ್ನು ನಾನು "ಲ್ಯಾಗ್" ಅಂತ ಬರೆದುಕೊಂಡು ಎರಡು ದಿನ ಕಳೆದುಕೊಂಡೆ. ಆತ ಹೇಳಿದ್ದು ಆಟದ ಓಟ ನಿಧಾನ ಅಂತ, ಬಟನ್ ತಡ ಅಂತ ಅಲ್ಲ. ಇನ್ನೊಂದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತೇ ಆಗುವುದಿಲ್ಲ.

"ಇದು ಓಡ್ತೈತೆ", "ಇದು ತೆವಳ್ತೈತೆ"

ಆಟ ಇಡೀ ವೇಗವಾಗಿ ಅಥವಾ ನಿಧಾನವಾಗಿ ನಡೆಯುತ್ತಿದ್ದರೆ ಮೊದಲು ಸ್ಕ್ರೀನ್ ಸೆಟ್ಟಿಂಗ್ ನೋಡಿ. ಕಾಸಿಲ್ಲದ ಕೆಲಸ. ಲ್ಯಾಪ್‌ಟಾಪಿನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ ತೆಗೆದು ರಿಫ್ರೆಶ್ ರೇಟ್ (ಸ್ಕ್ರೀನ್ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಅನ್ನುವುದು) ಎಷ್ಟು ಹರ್ಟ್ಸ್ ಇದೆ ಅಂತ ಓದಿ.

ಅಲ್ಲಿ 144 ಇದ್ದು ಆಟ 2.4 ಪಟ್ಟು ವೇಗವಾಗಿದ್ದರೆ, 120 ಇದ್ದು ಸರಿಯಾಗಿ ಎರಡು ಪಟ್ಟು ಇದ್ದರೆ, ರೋಗ ಸಿಕ್ಕಿತು. ನೀವು ಆಟದ ಲೆಕ್ಕವನ್ನು ಸ್ಕ್ರೀನಿಗೆ ಕಟ್ಟಿಹಾಕಿದ್ದೀರಿ. ಸ್ಕ್ರೀನ್ ಒಂದು ಸಲ ಬದಲಾದರೆ ಆಟ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಳೇ ಪೆಟ್ಟಿಗೆಯಲ್ಲಿ ಇದು ತಪ್ಪಾಗಿರಲಿಲ್ಲ, ಯಾಕೆಂದರೆ ಅಲ್ಲಿ ಬೋರ್ಡ್ ಹೇಳಿದ ಹಾಗೆ ಪರದೆ ಕೇಳುತ್ತಿತ್ತು, ಪರದೆ ಬೋರ್ಡಿಗೆ ಹೇಳುತ್ತಿರಲಿಲ್ಲ. ಈಗ ಉಲ್ಟಾ.

ಟಿವಿಗೆ ಹಾಕಿದಾಗ ಮಾತ್ರ ನಿಧಾನ ಆಗುತ್ತಿದ್ದರೆ ಟಿವಿ 50 ಹರ್ಟ್ಸ್‌ನಲ್ಲಿ ಕೂತಿರಬಹುದು. ನಮ್ಮ ದೇಶದ ಟಿವಿ ಪದ್ಧತಿ ಮೊದಲಿನಿಂದ 50ರದ್ದು, ಆದ್ದರಿಂದ ಕೆಲವು ಸಲ ಲ್ಯಾಪ್‌ಟಾಪ್ ತಾನೇ ಅದನ್ನು ಆರಿಸಿಕೊಳ್ಳುತ್ತದೆ. ಆಗ 60ರ ಆಟ ಆರರಲ್ಲಿ ಐದು ಭಾಗದ ವೇಗದಲ್ಲಿ ನಡೆಯುತ್ತದೆ. ಸೆಟ್ಟಿಂಗ್‌ನಲ್ಲಿ 60 ಮಾಡಿದರೆ ಸಾಕು.

ನಮ್ಮ ಕಡೆ ಇನ್ನೊಂದು ಲಕ್ಷಣ ಕಾಣುತ್ತದೆ: ಕರೆಂಟ್ ಹೋದ ಕೂಡಲೇ ಆಟ ನಿಧಾನ ಆಗುತ್ತದೆ. ಬೇಸಿಗೆಯಲ್ಲಿ ನಮಗೆ ಇದು ಮತ್ತೆ ಮತ್ತೆ ಆಯ್ತು. ಲ್ಯಾಪ್‌ಟಾಪ್ ಬ್ಯಾಟರಿಗೆ ಬಿದ್ದಾಗ ಉಳಿತಾಯಕ್ಕೆ ಅಂತ ಸ್ಕ್ರೀನಿನ ರೇಟ್ ಇಳಿಸುತ್ತದೆ, ಪ್ರೊಸೆಸರ್ ವೇಗವನ್ನೂ ಇಳಿಸುತ್ತದೆ. 120ರ ಫೋನ್ ಕೂಡ ಬ್ಯಾಟರಿ ಸೇವರ್ ಹಾಕಿದರೆ 60ಕ್ಕೆ ಬರುತ್ತದೆ. ಉಳಿತಾಯದ ಮೋಡ್ ತೆಗೆದು ಪರೀಕ್ಷೆ ಮಾಡಿ. ಆಗ ಸರಿಹೋದರೆ ಮೇಲೆ ಹೇಳಿದ್ದೇ ರೋಗ.

ಪೂರ್ತಿ ವಾಸಿ ಮಾಡಲು ಕೋಡ್ ಬದಲಿಸಬೇಕು: ಆಟದ ಲೆಕ್ಕ ಗಡಿಯಾರ ನೋಡಿಕೊಂಡು ಸೆಕೆಂಡಿಗೆ ನಿಗದಿಯಾದಷ್ಟು ಸಲ ನಡೆಯಲಿ, ಚಿತ್ರ ಬರೆಯುವುದು ಸ್ಕ್ರೀನಿಗೆ ಎಷ್ಟು ಬೇಕೋ ಅಷ್ಟು ಸಲ ನಡೆಯಲಿ. ಇವೆರಡನ್ನು ಬೇರೆ ಮಾಡುವ ಕೆಲಸ ಶುರುವಿನಲ್ಲೇ ಆದರೆ ಒಂದು ದಿನದ್ದು, ಆಟ ಮುಗಿದ ಮೇಲೆ ಮಾಡಿದರೆ ವಾರಗಟ್ಟಲೆ.

ಆಮೇಲೆ "ನಿಗದಿಯಾದಷ್ಟು" ಅಂದರೆ ಎಲ್ಲ ಆಟಕ್ಕೂ 60 ಅಂದುಕೊಳ್ಳಬೇಡಿ. ಐರೆಮ್ ಕಂಪನಿಯ ಆರ್-ಟೈಪ್ ಸುಮಾರು 55, ಮಾರ್ಟಲ್ ಕೊಂಬ್ಯಾಟ್ ಸುಮಾರು 54.7. ಇವನ್ನು 60ರಲ್ಲಿ ಓಡಿಸಿದರೆ ಹತ್ತಿರ ಹತ್ತಿರ ಶೇಕಡಾ 10ರಷ್ಟು ವೇಗ ಜಾಸ್ತಿ ಆಗುತ್ತದೆ. ಸಂಗೀತವನ್ನೂ ಅದೇ ಲೆಕ್ಕಕ್ಕೆ ಕಟ್ಟಿದ್ದರೆ ಅದೂ ಓಡುತ್ತದೆ. ಹೊಸಬರಿಗೆ ಗೊತ್ತಾಗುವುದಿಲ್ಲ, ಆದರೆ ಆಟ ಕಾರಣವಿಲ್ಲದೆ ಕಷ್ಟ ಅನ್ನಿಸುತ್ತದೆ.

"ಆಗಾಗ ಒಂದು ಜರ್ಕ್ ಹೊಡೀತದೆ"

ವೇಗ ಸರಿ ಇದೆ, ಆದರೆ ನಯವಾಗಿ ಹೋಗುತ್ತಾ ಹೋಗುತ್ತಾ ಒಂದು ಸಲ ತಡವರಿಸುತ್ತದೆ. ಇಲ್ಲಿ ಕೈಗಡಿಯಾರ ಹಿಡಿದು ಕೂರಿ. ಜರ್ಕ್ ಲೆಕ್ಕ ತಪ್ಪದೆ ಬರುತ್ತಿದೆಯಾ, ಮನಬಂದ ಹಾಗೆ ಬರುತ್ತಿದೆಯಾ ನೋಡಿ.

ಮನಬಂದ ಹಾಗೆ ಬಂದರೆ ಹಿಂದೆ ಬೇರೇನೋ ಓಡುತ್ತಿದೆ. ಬ್ರೌಸರ್ ಮುಚ್ಚಿ, ಅಪ್‌ಡೇಟ್ ನಿಲ್ಲಿಸಿ, ಲ್ಯಾಪ್‌ಟಾಪ್ ಅಡಿ ಬಿಸಿ ಇದೆಯಾ ಮುಟ್ಟಿ ನೋಡಿ. ಹಾಸಿಗೆ ಮೇಲೆ ಇಟ್ಟು ಆಡಿದರೆ ಗಾಳಿ ಕಂಡಿ ಮುಚ್ಚಿಹೋಗಿ ಹತ್ತು ನಿಮಿಷಕ್ಕೆ ಜರ್ಕ್ ಶುರುವಾಗುತ್ತದೆ.

ತಾಳ ಹಾಕಿದ ಹಾಗೆ ಬಂದರೆ ಅದು ಲೆಕ್ಕದ ಜಗಳ. ಪ್ಯಾಕ್‌ಮ್ಯಾನ್ ಬೋರ್ಡ್ ಸೆಕೆಂಡಿಗೆ 60.606 ಫ್ರೇಮ್ ಕೊಡುತ್ತದೆ, ನಮ್ಮ ಸ್ಕ್ರೀನ್ ತೋರಿಸುವುದು 60. ಹೆಚ್ಚಾದ 0.606 ಎಲ್ಲಿಗೆ ಹೋಗಬೇಕು? ಸುಮಾರು 1.65 ಸೆಕೆಂಡಿಗೆ ಒಂದು ಪೂರ್ತಿ ಫ್ರೇಮ್ ಬಿದ್ದುಹೋಗುತ್ತದೆ. ಅದೇ ಆ ಜರ್ಕ್. ನಾವು ಮಾಡಿದ್ದು ಆಟವನ್ನೇ ಸರಿಯಾಗಿ 60ಕ್ಕೆ ಇಳಿಸಿದ್ದು. ಶೇಕಡಾ 1ರಷ್ಟು ನಿಧಾನ ಆಯ್ತು, ಯಾರೂ ಗುರುತಿಸಲಿಲ್ಲ, ಜರ್ಕ್ ಮಾತ್ರ ಹೋಯ್ತು. ಶುದ್ಧತೆ ಬೇಕು ಅನ್ನುವವರು ರೇಟ್ ತಾನೇ ಹೊಂದಿಸಿಕೊಳ್ಳುವ ಮಾನಿಟರ್ ತರಬಹುದು. ಆದರೆ ಆಡುವವರೆಲ್ಲರ ಮನೆಯಲ್ಲಿ ಅದು ಇರಲ್ಲ ಅಲ್ವಾ?

"ಬಟನ್ ಒತ್ತಿ ಎಷ್ಟೊತ್ತಿಗೋ ಹಾರ್ತಾನೆ"

ನನ್ನ ಪ್ರಕಾರ ರೀಮಾಸ್ಟರ್ ಕೆಡುವುದು ಹೆಚ್ಚಾಗಿ ಇಲ್ಲೇ. ಚಿತ್ರ ಎಷ್ಟೇ ಚೆನ್ನಾಗಿರಲಿ, ಕೈಗೂ ಕಣ್ಣಿಗೂ ನಡುವೆ ಸಂದು ಬಿದ್ದರೆ ಆಟ ಸತ್ತಂತೆ. ಇದನ್ನು ಊಹೆ ಮಾಡಬೇಡಿ, ಅಳೆಯಿರಿ. ಅಳೆಯಲು ಬೇಕಾದದ್ದು ನಿಮ್ಮ ಜೇಬಿನಲ್ಲೇ ಇದೆ.

ಈಗಿನ ಸಾಕಷ್ಟು ಫೋನುಗಳಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್ ಇದೆ. ಬೆರಳು ಮತ್ತು ಸ್ಕ್ರೀನ್ ಎರಡೂ ಕಾಣುವ ಹಾಗೆ ಫೋನನ್ನು ಡಬ್ಬಕ್ಕೋ ಪುಸ್ತಕಕ್ಕೋ ಒರಗಿಸಿ ಇಡಿ. ರೂಮಿನಲ್ಲಿ ಬೆಳಕು ಚೆನ್ನಾಗಿರಲಿ. ಬಟನ್ ಹತ್ತು ಸಲ ಒತ್ತಿ, ಪ್ರತಿ ಸಲ ನಡುವೆ ಸ್ವಲ್ಪ ಬಿಡುವು ಕೊಡಿ. ಆಮೇಲೆ ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಸರಿಸುತ್ತಾ ಹೋಗಿ. ಬಟನ್ ತಳ ಮುಟ್ಟಿದ ಚಿತ್ರ ಸೊನ್ನೆ. ಅಲ್ಲಿಂದ ಆಟಗಾರನ ಮೊಣಕಾಲು ಬಾಗುವ ತನಕ ಎಣಿಸಿ. ಒಂದೊಂದು ಚಿತ್ರಕ್ಕೆ 4.17 ಮಿಲಿಸೆಕೆಂಡ್. ಹತ್ತು ಸಲದ ಸರಾಸರಿ ತೆಗೆಯಿರಿ, ಯಾಕೆಂದರೆ ನೀವು ಒತ್ತಿದ ಗಳಿಗೆ ಫ್ರೇಮಿನ ಶುರುವಿಗೂ ಬೀಳಬಹುದು, ಕೊನೆಗೂ ಬೀಳಬಹುದು. ಅಷ್ಟರಲ್ಲೇ ನಾಲ್ಕು ಚಿತ್ರ ವ್ಯತ್ಯಾಸ ಬರುತ್ತದೆ.

ನಮ್ಮ ಮುಸ್ತಫಾದಲ್ಲಿ ಮೊದಲ ಲೆಕ್ಕ 31 ಬಂತು, ಅಂದರೆ 129 ಮಿಲಿಸೆಕೆಂಡ್. ಮಾವನ ಪೆಟ್ಟಿಗೆಯಲ್ಲಿ ಅದೇ ಥರ ಅಳೆದರೆ 11, ಅಂದರೆ 46. ಹಳೇ ಗಿರಾಕಿಗಳು ಹೇಳಿದ್ದು ನೂರಕ್ಕೆ ನೂರು ನಿಜ.

ಆಮೇಲೆ ಸುಲಭದಿಂದ ಶುರು ಮಾಡಿದೆವು. ಟಿವಿ ಮೆನುವಿನಲ್ಲಿ ಗೇಮ್ ಮೋಡ್ ಹಾಕಿದೆವು. ಟಿವಿ ಚಿತ್ರವನ್ನು ಚಂದ ಮಾಡಲು ಕೆಲವು ಫ್ರೇಮ್ ಹಿಡಿದಿಟ್ಟುಕೊಳ್ಳುತ್ತದೆ, ಗೇಮ್ ಮೋಡ್ ಹಾಕಿದರೆ ಆ ಕೆಲಸ ಬಿಡುತ್ತದೆ. ಲೆಕ್ಕ 19ಕ್ಕೆ ಇಳಿಯಿತು! ಒಂದು ಪೈಸೆ ಖರ್ಚಿಲ್ಲ. ಬ್ಲೂಟೂತ್ ಕಂಟ್ರೋಲರ್ ಬಿಟ್ಟು ವೈರಿನದು ಹಾಕಿದೆವು, 15 ಆಯ್ತು. ಇಲ್ಲಿಯ ತನಕ ಕೋಡ್ ಮುಟ್ಟಿಲ್ಲ. ಕೊನೆಗೆ ಕೋಡ್ ತೆಗೆದು ನೋಡಿದರೆ ನಾವು ಫ್ರೇಮಿನಲ್ಲಿ ಮೊದಲು ಆಟದ ಲೆಕ್ಕ ಮಾಡಿ, ಚಿತ್ರ ಬರೆದು, ಎಲ್ಲ ಮುಗಿದ ಮೇಲೆ ಬಟನ್ ಓದುತ್ತಿದ್ದೆವು. ಅಂದರೆ ಒತ್ತಿದ್ದು ಯಾವಾಗಲೂ ಮುಂದಿನ ಫ್ರೇಮಿಗೆ ಹೋಗುತ್ತಿತ್ತು. ಆ ಒಂದು ಸಾಲನ್ನು ಮೇಲೆ ಎತ್ತಿ ಹಾಕಿದ್ದಕ್ಕೆ 12 ಬಂತು. 50 ಮಿಲಿಸೆಕೆಂಡ್. ಪೆಟ್ಟಿಗೆಗೂ ಅದಕ್ಕೂ ಒಂದೇ ಚಿತ್ರದ ಅಂತರ, ಅಲ್ಲಿಗೆ ನಿಲ್ಲಿಸಿದೆವು.

ಅಳತೆ ಎಲ್ಲ ಸರಿ ಇದ್ದೂ ಯಾರಾದರೂ ಲೇಟು ಅಂದರೆ ಅವರ ಕಿವಿ ನೋಡಿ. ಬ್ಲೂಟೂತ್ ಇಯರ್‌ಫೋನ್ ಹಾಕಿದ್ದರೆ ಹೊಡೆತದ ಸದ್ದು ತಡವಾಗಿ ಬರುತ್ತದೆ, ಅವರಿಗೆ ಬಟನ್ನೇ ತಡ ಅನ್ನಿಸುತ್ತದೆ.

"ತಿರುಗಿಸಿದರೆ ತಿರುಗಲ್ಲ"

ಇದು ಪ್ಯಾಕ್‌ಮ್ಯಾನ್ ದೂರು. ಮೂಲೆಯಲ್ಲಿ ಮೇಲಕ್ಕೆ ಒತ್ತಿದರೂ ನೇರ ಹೋಗಿ ದೆವ್ವಕ್ಕೆ ಸಿಕ್ಕಿಬೀಳುತ್ತಾನೆ.

ಮೊದಲು ಕಂಟ್ರೋಲರ್ ನೋಡಿ. ಪ್ಯಾಕ್‌ಮ್ಯಾನ್ ಪೆಟ್ಟಿಗೆಯ ಜಾಯ್‌ಸ್ಟಿಕ್ ನಾಲ್ಕೇ ದಿಕ್ಕಿಗೆ ಹೋಗುತ್ತಿತ್ತು, ಓರೆ ದಿಕ್ಕು ಇರಲೇ ಇಲ್ಲ. ಈಗಿನ ಸ್ಟಿಕ್ ಎಂಟು ದಿಕ್ಕಿಗೆ ಹೋಗುತ್ತದೆ. ಬಲದಿಂದ ಮೇಲಕ್ಕೆ ಹೋಗುವಾಗ ನಡುವೆ "ಬಲ ಮತ್ತು ಮೇಲೆ" ಎರಡೂ ಒಟ್ಟಿಗೆ ಬರುತ್ತವೆ. ನಿಮ್ಮ ಕೋಡ್ ಬಲವನ್ನು ಮೊದಲು ನೋಡಿದರೆ ಮೇಲೆ ಅನ್ನುವುದು ಬಿದ್ದೇ ಹೋಗುತ್ತದೆ. ಎರಡು ದಿಕ್ಕು ಒಟ್ಟಿಗೆ ಬಂದಾಗ ಹೊಸದಾಗಿ ಬಂದದ್ದಕ್ಕೆ ಬೆಲೆ ಕೊಡಿ, ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಆಮೇಲೂ ತಿರುವು ಜಿಗುಟು ಅನ್ನಿಸಿದರೆ ಮೂಲ ಆಟದ ಒಂದು ಗುಟ್ಟು ಬಿಟ್ಟುಹೋಗಿದೆ. ಮೂಲದಲ್ಲಿ ಪ್ಯಾಕ್‌ಮ್ಯಾನ್ ಮೂಲೆಯ ನಟ್ಟನಡುವಿಗೆ ಬರುವ ಮೊದಲೇ ಕೆಲವು ಪಿಕ್ಸೆಲ್ (ಪರದೆಯ ಚುಕ್ಕಿ) ಮುಂಚೆ ತಿರುಗಬಹುದು, ಆಗ ಮೂಲೆಯನ್ನು ಓರೆಯಾಗಿ ಕತ್ತರಿಸಿಕೊಂಡು ಹೋಗುತ್ತಾನೆ. ದೆವ್ವಗಳಿಗೆ ಈ ಸೌಲಭ್ಯ ಇಲ್ಲ. ಪ್ರತಿ ಮೂಲೆಯಲ್ಲೂ ಅವನು ಸ್ವಲ್ಪ ಸ್ವಲ್ಪ ಮುಂದೆ ಬರುವುದು ಇದರಿಂದ. ನಾವು ಚೌಕದ ನಡುವೆ ಬಂದಾಗ ಮಾತ್ರ ತಿರುಗಲು ಬಿಟ್ಟಿದ್ದೆವು, ಬೆನ್ನಟ್ಟಿದ ದೆವ್ವದಿಂದ ತಪ್ಪಿಸಿಕೊಳ್ಳಲು ಯಾರಿಗೂ ಆಗುತ್ತಿರಲಿಲ್ಲ.

ಕೀಬೋರ್ಡಿನಲ್ಲಿ ಇಬ್ಬರು ಆಡುವಾಗ ಮಾತ್ರ ಬಟನ್ ಕೆಲಸ ಮಾಡದಿದ್ದರೆ ಆಟದ ತಪ್ಪಲ್ಲ. ಕಡಿಮೆ ಬೆಲೆಯ ಕೀಬೋರ್ಡ್ ಒಂದೇ ಸಲ ಮೂರು ನಾಲ್ಕು ಕೀ ಒತ್ತಿದರೆ ಕೆಲವನ್ನು ನುಂಗುತ್ತದೆ. ಕೀ ಜಾಗ ಬದಲಿಸಿ ನೋಡಿ.

"ಮುಸ್ತಫಾ ದಪ್ಪ ಆಗವ್ನೆ"

ಮಾವ ಹೇಳಿದ ಮೊದಲ ಮಾತೇ ಇದು, ಸ್ಕ್ರೀನಿಗೆ ಬೆರಳಿಟ್ಟು ತೋರಿಸಿದರು. ಸರಿಯಾಗೇ ಹೇಳಿದರು. ಆ ಬೋರ್ಡಿನ ಚಿತ್ರ 384 ಪಿಕ್ಸೆಲ್ ಅಗಲ, 224 ಎತ್ತರ. ಆದರೆ ತೋರಿಸುತ್ತಿದ್ದುದು 4:3 (ಅಗಲ 4 ಪಾಲು, ಎತ್ತರ 3 ಪಾಲು) ಪರದೆಯಲ್ಲಿ, ಅಂದರೆ ಒಂದೊಂದು ಪಿಕ್ಸೆಲ್ ಚೌಕವಲ್ಲ, ಸ್ವಲ್ಪ ತೆಳ್ಳಗೆ, ಉದ್ದ. ನಾವು ಚೌಕ ಮಾಡಿ ತೋರಿಸಿದರೆ ಎಲ್ಲರೂ ಶೇಕಡಾ 29ರಷ್ಟು ಅಗಲ ಆಗುತ್ತಾರೆ. 1080 ಎತ್ತರದ ಸ್ಕ್ರೀನಿನಲ್ಲಿ ಚಿತ್ರದ ಅಗಲ 1440 ಇರಬೇಕು, ಎರಡೂ ಪಕ್ಕ ಕಪ್ಪು ಜಾಗ ಬಿಡಿ. ಇಡೀ ಟಿವಿ ತುಂಬಲಿ ಅಂತ ಎಳೆಯಬೇಡಿ. ಟಿವಿ ತಾನೇ ಎಳೆಯುತ್ತಿದೆಯಾ ಅಂತಲೂ ಅದರ ಮೆನುವಿನಲ್ಲಿ ನೋಡಿ.

ಆಟಗಾರ ನಡೆಯುವಾಗ ಗೋಡೆ, ನೆಲ ಎಲ್ಲ ಮಿಣಮಿಣ ಅಂದರೆ ಅದು ಭಾಗಾಕಾರದ ಸಮಸ್ಯೆ. 1080ನ್ನು 224ರಿಂದ ಭಾಗಿಸಿದರೆ 4.82. ಕೆಲವು ಸಾಲು 4 ಪಿಕ್ಸೆಲ್ ದಪ್ಪ, ಕೆಲವು 5. ಚಿತ್ರ ಸರಿದಾಗ ದಪ್ಪ ಸಾಲು ಜಾಗ ಬದಲಿಸುತ್ತದೆ, ಕಣ್ಣಿಗೆ ಮಿಣುಕು ಕಾಣುತ್ತದೆ. 4 ಪಟ್ಟು ಮಾಡಿ 896ಕ್ಕೆ ನಿಲ್ಲಿಸಿದರೆ ಮೇಲೆ ಕೆಳಗೆ ಜಾಗ ಉಳಿಯುತ್ತದೆ. 5 ಪಟ್ಟು ಮಾಡಿದರೆ 1120 ಆಗಿ ಒಟ್ಟು 8 ಸಾಲು ಆಚೆ ಹೋಗುತ್ತದೆ, ಮೇಲೆ ಸ್ಕೋರ್ ಕತ್ತರಿಸದಿದ್ದರೆ ಇದೇ ಚೆನ್ನ. ನಾವು 5 ಪಟ್ಟು ಆರಿಸಿದೆವು.

ಕಪ್ಪು ಜಾಗ ಬೂದಿ ಬಣ್ಣಕ್ಕೆ ಕಂಡರೆ ಬಣ್ಣದ ಫೈಲ್ ತಿದ್ದಲು ಹೋಗಬೇಡಿ. ಲ್ಯಾಪ್‌ಟಾಪ್ ಮತ್ತು ಟಿವಿ ಬಣ್ಣದ ವ್ಯಾಪ್ತಿಯನ್ನು ಬೇರೆ ಬೇರೆ ಥರ ಲೆಕ್ಕ ಹಾಕುತ್ತಿವೆ, ಎರಡರಲ್ಲೂ ಫುಲ್ ಅಥವಾ ಎರಡರಲ್ಲೂ ಲಿಮಿಟೆಡ್ ಇರಬೇಕು.

ಸದ್ದು ಚರಚರ ಅನ್ನುವುದು

ಸದ್ದು ಒಡೆದರೆ ಬಫರ್ (ನುಡಿಸುವ ಮೊದಲು ಸದ್ದನ್ನು ಕೂಡಿಡುವ ಜಾಗ) ತೀರಾ ಚಿಕ್ಕದು, ಸದ್ದು ತಡವಾದರೆ ತೀರಾ ದೊಡ್ಡದು. ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ತುಣುಕು) ದರದಲ್ಲಿ 512ರ ಬಫರ್ ಸುಮಾರು 11 ಮಿಲಿಸೆಕೆಂಡ್, 2048ರದು 43. ನಮಗೆ 1024 ಹೊಂದಿತು. ವೇಗದ ತೊಂದರೆ ಸರಿ ಮಾಡುವ ಮೊದಲು ಸದ್ದಿಗೆ ಕೈ ಹಾಕಬೇಡಿ, ಎಷ್ಟೋ ಸಲ ಅದರ ಜೊತೆಗೇ ಸರಿಹೋಗುತ್ತದೆ.

"ಎಲ್ಲಾ ಸರಿ ಐತೆ, ಆದ್ರೆ ಆ ಮಜಾ ಇಲ್ಲ"

ಇದು ಕಷ್ಟದ ದೂರು, ಯಾಕೆಂದರೆ ತೋರಿಸಲು ಏನೂ ಇರಲ್ಲ. ವೇಗ, ಬಟನ್, ಚಿತ್ರ ಮೂರೂ ಸರಿ ಅಂತ ಖಚಿತವಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ.

ಮೊದಲು ಹಳೇ ಅಂಗಡಿಯ ಸೆಟ್ಟಿಂಗ್ ಕೇಳಿ. ಎಷ್ಟೋ ಬೋರ್ಡುಗಳ ಮೇಲೆ ಡಿಪ್ ಸ್ವಿಚ್ ಅಂತ ಸಾಲಾಗಿ ಪುಟ್ಟ ಸ್ವಿಚ್‌ಗಳು ಇರುತ್ತವೆ, ಎಷ್ಟು ಜೀವ, ಎಷ್ಟು ಕಷ್ಟ ಅಂತ ಅಂಗಡಿಯವರು ಅದರಲ್ಲಿ ಇಡುತ್ತಿದ್ದರು. ಪ್ಯಾಕ್‌ಮ್ಯಾನಿನಲ್ಲಿ 1, 2, 3 ಅಥವಾ 5 ಜೀವ ಇಡಬಹುದು, ಹೆಚ್ಚಿನ ಜೀವ 10,000, 15,000 ಅಥವಾ 20,000 ಅಂಕಕ್ಕೆ ಕೊಡಬಹುದು, ಕೊಡದೇನೂ ಇರಬಹುದು. ಒಬ್ಬೊಬ್ಬರು ನೆನಪಿಟ್ಟುಕೊಂಡಿರುವ ಆಟವೇ ಬೇರೆ. ಮಾವ ಬೇಸಿಗೆ ರಜೆಯಲ್ಲಿ ಕಷ್ಟ ಒಂದು ಮೆಟ್ಟಿಲು ಏರಿಸುತ್ತಿದ್ದರಂತೆ, ಹುಡುಗರ ಸಾಲು ಉದ್ದ ಇರುತ್ತಿತ್ತಲ್ಲ.

ಸೆಟ್ಟಿಂಗ್ ಅಲ್ಲದಿದ್ದರೆ, ಮೂಲದ ಯಾವುದೋ ಕುಂದನ್ನು ನೀವು ಒಳ್ಳೆಯ ಮನಸ್ಸಿನಿಂದ ಸರಿ ಮಾಡಿಬಿಟ್ಟಿದ್ದೀರಿ. ಸ್ಪೇಸ್ ಇನ್‌ವೇಡರ್ಸ್ ನೋಡಿ. 55 ಶತ್ರುಗಳು. ಒಳಗಿದ್ದ ಇಂಟೆಲ್ 8080 ಚಿಪ್ಪಿಗೆ ಎಲ್ಲರನ್ನೂ ಒಟ್ಟಿಗೆ ಸರಿಸುವ ಶಕ್ತಿ ಇರಲಿಲ್ಲ, ಆದ್ದರಿಂದ ಫ್ರೇಮಿಗೆ ಒಬ್ಬನನ್ನು ಸರಿಸುತ್ತಿತ್ತು. 55 ಜನ ಇದ್ದಾಗ ಒಂದು ಸುತ್ತಿಗೆ ಹತ್ತಿರ ಹತ್ತಿರ ಒಂದು ಸೆಕೆಂಡ್. ನೀವು ಹೊಡೆಯುತ್ತಾ ಹೋದ ಹಾಗೆ ಸುತ್ತು ಬೇಗ ಮುಗಿಯುತ್ತದೆ, ಉಳಿದವರು ವೇಗವಾಗುತ್ತಾರೆ, ಕೊನೆಯವನು ಹುಚ್ಚು ಹಿಡಿದವನ ಹಾಗೆ ಓಡುತ್ತಾನೆ. ಎದೆ ಡವಡವ ಅನ್ನಿಸುವುದೇ ಅಲ್ಲಿ. ನಾವು 55 ಜನರನ್ನೂ ಒಂದೇ ಸಲ ನೀಟಾಗಿ ಸರಿಸಿದ್ದೆವು. ಆ ಡವಡವ ಹೊರಟೇ ಹೋಗಿತ್ತು. ವೇಗ ಹೆಚ್ಚಿಸುವ ಪಟ್ಟಿ ಬರೆದು ನೋಡಿದೆವು, ಹೊಂದಲಿಲ್ಲ. ಕೊನೆಗೆ ಮೂಲದ ಹಾಗೆ ಫ್ರೇಮಿಗೆ ಒಬ್ಬನನ್ನೇ ಸರಿಸಿದೆವು, ತಾನೇ ಸರಿಹೋಯ್ತು.

ಪ್ಯಾಕ್‌ಮ್ಯಾನಿನ ಗುಲಾಬಿ ದೆವ್ವ ನಿಮಗಿಂತ ನಾಲ್ಕು ಮನೆ ಮುಂದಕ್ಕೆ ಗುರಿ ಇಡುತ್ತದೆ. ಆದರೆ ನೀವು ಮೇಲಕ್ಕೆ ಮುಖ ಮಾಡಿದ್ದರೆ ಲೆಕ್ಕದ ತಪ್ಪಿನಿಂದ ನಾಲ್ಕು ಮೇಲೆ ಮತ್ತು ನಾಲ್ಕು ಎಡಕ್ಕೆ ಗುರಿ ಹೋಗುತ್ತದೆ. ಇದು ನಿಜವಾಗಿಯೂ ತಪ್ಪೇ. ಆದರೆ ಜನ ದಾರಿ ಬಾಯಿಪಾಠ ಮಾಡಿಕೊಂಡಿದ್ದು ಆ ತಪ್ಪಿನ ಮೇಲೆ. ಸರಿ ಮಾಡಿದರೆ ಅವರ ದಾರಿಗಳೆಲ್ಲ ಕೆಡುತ್ತವೆ.

ಪರೀಕ್ಷೆಯೂ ಇದರಲ್ಲೇ ಇದೆ. ಮೂಲದಲ್ಲಿ ನೀವು ಒಂದೇ ಥರ ಆಡಿದರೆ ದೆವ್ವಗಳೂ ಒಂದೇ ಥರ ನಡೆಯುತ್ತವೆ. ಮೂಲದ ಒಂದು ಆಟದಲ್ಲಿ ಯಾವ ಫ್ರೇಮಿನಲ್ಲಿ ಯಾವ ದಿಕ್ಕು ಒತ್ತಿದ್ದು ಅಂತ ಬರೆದುಕೊಂಡು ಅದನ್ನೇ ನಿಮ್ಮದಕ್ಕೆ ಕೊಡಿ. ದೆವ್ವ ಯಾವ ತಿರುವಿನಲ್ಲಿ ಬೇರೆ ದಾರಿ ಹಿಡಿಯಿತೋ ಅಲ್ಲೇ ನಿಮ್ಮ ತಪ್ಪು ಇದೆ. ಸ್ಪೇಸ್ ಇನ್‌ವೇಡರ್ಸ್‌ನಲ್ಲಿ ಗುಂಡು ಎಣಿಸಿ: 23ನೇ ಗುಂಡಿಗೆ ಮೇಲಿನ ಹಾರುವ ತಟ್ಟೆ ಬಿದ್ದರೆ 300 ಅಂಕ, ಆಮೇಲೆ ಪ್ರತಿ 15ನೇ ಗುಂಡಿಗೆ. ನಿಮ್ಮದರಲ್ಲಿ ಹಾಗೆ ಬರದಿದ್ದರೆ ಅಂಕಗಳ ಪಟ್ಟಿ ತಪ್ಪಿದೆ.

ಚಿತ್ರ ಪುಡಿಪುಡಿ, ಸ್ಕೋರ್ ಅಡ್ಡಾದಿಡ್ಡಿ

ನಿಮ್ಮದೇ ಬೋರ್ಡಿನ ಚಿಪ್ ಓದಿ ಚಿತ್ರ ತೆಗೆದಿದ್ದರೆ ಮಾತ್ರ ಇದು. ಒಂದೇ ಚಿಪ್ ಮೂರು ಸಲ ಓದಿ, ಮೂರರ ಚೆಕ್‌ಸಮ್ (ಓದಿದ್ದೆಲ್ಲದರಿಂದ ಲೆಕ್ಕ ಹಾಕಿದ ತಾಳೆಯ ಸಂಖ್ಯೆ) ಒಂದೇ ಬರಬೇಕು. ಬರದಿದ್ದರೆ ಕಾಲುಗಳಲ್ಲಿ ಕಿಲುಬು ಇದೆ ಅಥವಾ ಚಿಪ್ ಹೋಗುತ್ತಿದೆ. ಒಂದೇ ಬಂದೂ ಚಿತ್ರ ಪಟ್ಟೆ ಪಟ್ಟೆ ಆದರೆ ಜೋಡಿ ಚಿಪ್ ಅದಲುಬದಲಾಗಿವೆ: ಎಷ್ಟೋ 16 ಬಿಟ್ ಬೋರ್ಡುಗಳಲ್ಲಿ ಸಮ ಬೈಟ್ (ಡೇಟಾದ ತುಣುಕು) ಒಂದರಲ್ಲಿ, ಬೆಸ ಬೈಟ್ ಇನ್ನೊಂದರಲ್ಲಿ ಇರುತ್ತದೆ. ಸ್ಕೋರ್ 1250 ಇರಬೇಕಾದಲ್ಲಿ 4688 ಕಂಡರೆ, ಒಂದೊಂದು ಅಂಕೆಯನ್ನೂ ಬೇರೆ ಬೇರೆ ಇಟ್ಟಿದ್ದನ್ನು ನೀವು ಒಂದೇ ಸಂಖ್ಯೆಯಾಗಿ ಓದಿದ್ದೀರಿ. ಚಿಪ್ಪಿನ ನೆತ್ತಿಯ ಸ್ಟಿಕ್ಕರ್ ಕೀಳಬೇಡಿ. ಅದರ ಕೆಳಗೆ ಗಾಜಿನ ಕಿಟಕಿ ಇದೆ, ಬಿಸಿಲು ಬಿದ್ದರೆ ನಿಧಾನವಾಗಿ ಒಳಗಿದ್ದದ್ದು ಅಳಿಸಿಹೋಗುತ್ತದೆ.

ಕರೆಂಟ್ ಹೋದರೆ ಹೈಸ್ಕೋರ್ ಮಾಯ

ಪ್ಯಾಕ್‌ಮ್ಯಾನ್, ಸ್ಪೇಸ್ ಇನ್‌ವೇಡರ್ಸ್ ಪೆಟ್ಟಿಗೆಗಳಲ್ಲೂ ಸ್ವಿಚ್ ಆರಿಸಿದರೆ ಹೈಸ್ಕೋರ್ ಹೋಗುತ್ತಿತ್ತು. ಆದರೆ ಈಗಿನ ಮಕ್ಕಳು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಬರೆಯುವಾಗಲೇ ಕರೆಂಟ್ ಹೋದರೆ ಫೈಲ್ ಅರ್ಧ ಆಗಿ ಎಲ್ಲವೂ ಹೋಗುತ್ತದೆ. ಹೊಸ ಫೈಲಿಗೆ ಬರೆದು, ಅದು ಪೂರ್ತಿ ಡಿಸ್ಕಿಗೆ ಇಳಿದ ಮೇಲೆ ಹಳೆಯದರ ಹೆಸರು ಕೊಡಿ.

ಆಡುವಾಗ ತಲೆ ಸುತ್ತು, ಕಣ್ಣು ಕತ್ತಲೆ

ಇದು ಕಂಡರೆ ಬೇರೆ ಯಾವ ಪರೀಕ್ಷೆಯೂ ಬೇಡ, ಆಟ ನಿಲ್ಲಿಸಿ. ಹಳೇ ಆಟಗಳಲ್ಲಿ ಬಾಂಬ್ ಬಿದ್ದಾಗ ಇಡೀ ಪರದೆ ಮಿಂಚುತ್ತದೆ. ಈಗಿನ ದೊಡ್ಡ, ಪ್ರಖರವಾದ ಟಿವಿಯಲ್ಲಿ ಅದೇ ಮಿಂಚು ಇನ್ನೂ ಜೋರು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಒಂದು ಟಿವಿ ಕಾರ್ಟೂನಿನಲ್ಲಿ ಕೆಂಪು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಮಿಂಚಿದ್ದಕ್ಕೆ ನೂರಾರು ಮಕ್ಕಳು ಆಸ್ಪತ್ರೆ ಸೇರಬೇಕಾಯ್ತು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚದ ಹಾಗೆ ಮಾಡಿ, ಮಿಂಚು ಪೂರ್ತಿ ಆರಿಸುವ ಆಯ್ಕೆಯನ್ನೂ ಕೊಡಿ. ಮೂಲದ ಹಾಗೇ ಇರಬೇಕು ಅನ್ನುವ ಹಟ ಇಲ್ಲಿ ಬೇಡ. ಯಾರಿಗಾದರೂ ಫಿಟ್ಸ್ ಬಂದರೆ ಬಿಗಿಯಾಗಿ ಹಿಡಿಯಬೇಡಿ, ಬಾಯಿಗೆ ಏನೂ ಹಾಕಬೇಡಿ, ಪಕ್ಕಕ್ಕೆ ಮಲಗಿಸಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ, ಅಥವಾ ಮೊದಲ ಸಲ ಬಂದದ್ದಾದರೆ 108ಕ್ಕೆ ಕರೆ ಮಾಡಿ.

ಹೋಲಿಸಲು ಇಟ್ಟ ಹಳೇ ಬೋರ್ಡೇ ಏಳುತ್ತಿಲ್ಲ

ಮೇಲಿನ ಎಲ್ಲ ಪರೀಕ್ಷೆಗೂ ಮೂಲ ಬೇಕು. ನಮ್ಮ ಮುಸ್ತಫಾ ಬೋರ್ಡ್ ಕಳೆದ ಮಳೆಗಾಲದಲ್ಲಿ ಏಳಲೇ ಇಲ್ಲ, ಪರದೆ ತುಂಬ ಕಸ ಬಂದು ನಿಲ್ಲುತ್ತಿತ್ತು.

ಮೊದಲು ಹೇಳಬೇಕಾದದ್ದು: ಹಳೇ ಪಿಕ್ಚರ್ ಟ್ಯೂಬಿನ ಹಿಂಭಾಗ ಮುಟ್ಟಬೇಡಿ. ಟ್ಯೂಬಿನ ನೆತ್ತಿಗೆ ಹೋಗುವ ದಪ್ಪ ವೈರಿನಲ್ಲಿ 20,000 ವೋಲ್ಟಿಗಿಂತ ಜಾಸ್ತಿ ಇರಬಹುದು, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ. ಪವರ್ ಸಪ್ಲೈ ಡಬ್ಬವನ್ನೂ ಬಿಚ್ಚಬೇಡಿ, ಒಳಗಿನ ಕೆಪಾಸಿಟರಿನಲ್ಲಿ 325 ವೋಲ್ಟ್ ಡಿಸಿ ಕೂತಿರುತ್ತದೆ. ಇವೆರಡೂ ಹಳೇ ಟಿವಿ ರಿಪೇರಿ ಮಾಡಿ ಅನುಭವ ಇರುವವರ ಕೆಲಸ.

ನೀವು ಮಾಡಬಹುದಾದದ್ದು ಇದು. ಪ್ಲಗ್ ತೆಗೆದು ಬೋರ್ಡಿನ 56 ಕಾಲಿನ ಕನೆಕ್ಟರ್ ಕಳಚಿ, ಚಿನ್ನದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ. ತಿರುಗಿ ಹಾಕುವಾಗ ಮೇಲು ಕೆಳಗು ನೋಡಿಕೊಳ್ಳಿ, ಉಲ್ಟಾ ಹಾಕಿದರೆ ಬೋರ್ಡ್ ಸುಟ್ಟೇ ಹೋಗಬಹುದು. ಬ್ಯಾಟರಿ ಸೋರಿ ಹಸಿರು ಬಿಳಿ ಹೂವು ಕಟ್ಟಿದ್ದರೆ ಕರೆಂಟ್ ಕೊಡಬೇಡಿ, ರಿಪೇರಿಗೆ ಕೊಡಿ. ಇಲ್ಲದಿದ್ದರೆ ಮಲ್ಟಿಮೀಟರ್ ಹಿಡಿದು 5 ವೋಲ್ಟ್ ಲೈನ್ ಅಳೆಯಿರಿ. ಸಪ್ಲೈ ಹತ್ತಿರ ಅಲ್ಲ, ಬೋರ್ಡಿನ ಮೇಲೆ. ಈ ಥರದ ಚಿಪ್ಪುಗಳಿಗೆ 4.75ರಿಂದ 5.25ರ ಒಳಗೆ ಇರಬೇಕು.

ನಮ್ಮದು ಸಪ್ಲೈ ಬಾಯಲ್ಲಿ 5.0, ಬೋರ್ಡಿನ ಮೇಲೆ 4.6 ತೋರಿಸಿತು. ಮಾವನ ಹಳೇ ಸ್ನೇಹಿತರೊಬ್ಬರು ಟಿವಿ ರಿಪೇರಿ ಮಾಡುತ್ತಿದ್ದವರು, ಅವರನ್ನು ಕರೆತಂದೆವು. ವೈರ್ ನೋಡಿದ ಕೂಡಲೇ ಕಪ್ಪಾಗಿದ್ದ ತುದಿಯನ್ನು ಬೆರಳಲ್ಲಿ ತೋರಿಸಿದರು, "ಇದನ್ನ ಬದ್ಲಾಯ್ಸು, ವೋಲ್ಟ್ ಏರಿಸೋ ಸ್ಕ್ರೂ ತಿರುಗಿಸ್ಬೇಡ" ಅಂದರು. ದಪ್ಪ ವೈರ್ ಹಾಕಿದ ಮೇಲೆ 4.97. ಬೋರ್ಡ್ ಎದ್ದಿತು. ಫೋನಿನ ಕ್ಯಾಮೆರಾದ ಶಟರನ್ನು 1/60ಕ್ಕೆ ಇಟ್ಟರೆ ಪರದೆಯ ಮೇಲೆ ಕಪ್ಪು ಪಟ್ಟಿ ಓಡುವುದು ನಿಲ್ಲುತ್ತದೆ. ಹಾಗೆ ಇಟ್ಟು, ಮತ್ತೆ ಏನಾದರೂ ಆಗುವ ಮೊದಲೇ, ಮಾವ ಮೊದಲ ಹಂತ ಆಡಿದ್ದನ್ನು ಶುರುವಿನಿಂದ ಕೊನೆ ತನಕ ರೆಕಾರ್ಡ್ ಮಾಡಿ ಎರಡು ಕಡೆ ಉಳಿಸಿಟ್ಟೆವು.